ನಮ್ಮೂರ ನದಿಗೆ ಇಳಿಯುವ ಮೆಟ್ಟಿಲೆಲ್ಲಿ?

ಮಂಗಳೂರಿನಲ್ಲಿ ಓದುತ್ತಿರುವ ಗೆಳೆಯರನ್ನು ‘ಈ ಊರಲ್ಲಿ ಏನೇನು ನೋಡಿದಿರಿ?’ ಎಂದು ಕೇಳಿದರೆ ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ ಎಂದು ಬೀಚುಗಳ ಹೆಸರು ಸಾಲಾಗಿ ಬರುತ್ತದೆ. ಆಮೇಲೆ ಮಾಲ್‌ಗಳು, ಐಸ್‌ಕ್ರೀಮ್ ಪಾರ್ಲರ್‌ಗಳು. ನದಿಯ ಹೆಸರು ಹೇಳುವವರು ಅಪರೂಪ. ಇದೇ ಊರಲ್ಲಿ ಹುಟ್ಟಿ ಬೆಳೆದವರೂ ಇದಕ್ಕೆ ಹೊರತಲ್ಲ.

ಮಂಗಳೂರು ಎರಡು ನದಿಗಳ ನಡುವೆ ಕುಳಿತಿರುವ ಊರು. ದಕ್ಷಿಣದಲ್ಲಿ ನೇತ್ರಾವತಿ, ಉತ್ತರದಲ್ಲಿ ಫಲ್ಗುಣಿ ಎಂದೂ ಕರೆಯುವ ಗುರುಪುರ ನದಿ. ಎರಡೂ ಬಂದು ಒಂದೇ ಅಳಿವೆ ಬಾಗಿಲಲ್ಲಿ ಅರಬ್ಬಿ ಸಮುದ್ರ ಸೇರುತ್ತವೆ. ಆದರೆ ನಮಗೆ ನದಿ ಎಂದರೆ ಬಸ್ಸಿನ ಕಿಟಕಿಯಿಂದ ಕಾಣುವಷ್ಟು. ತೊಕ್ಕೊಟ್ಟು ಕಡೆಯಿಂದ ಬರುವಾಗ ನೇತ್ರಾವತಿ ಸೇತುವೆ ದಾಟಲು ಒಂದು ನಿಮಿಷ ಸಾಕು. ಅಷ್ಟರಲ್ಲಿ ಮೊಬೈಲ್‌ನಿಂದ ತಲೆ ಎತ್ತಿದರೆ ನದಿ ಕಂಡಿತು, ಇಲ್ಲದಿದ್ದರೆ ಇಲ್ಲ.

ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ನೀರಿನ ಬಗ್ಗೆ ಪರೀಕ್ಷೆ ಬರೆದು ಅಂಕ ಪಡೆಯುವವನು. ನನ್ನ ಅಭಿಪ್ರಾಯ ಇಷ್ಟೇ: ನಗರದ ನದಿ, ಕೆರೆಗಳಿಗೆ ಎಂಜಿನ್ ಇಲ್ಲದ ಸಣ್ಣ ದೋಣಿಯಲ್ಲಿ ಇಳಿಯುವ ಅವಕಾಶ ಸಾಮಾನ್ಯ ವಿದ್ಯಾರ್ಥಿಗೂ ಸಿಗಬೇಕು. ಆಟದ ಮೈದಾನ, ಗ್ರಂಥಾಲಯ ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ. ಇದನ್ನು ಪ್ರವಾಸಿಗರ ಮೋಜು ಎಂದು ಬದಿಗೆ ಸರಿಸಿದರೆ ನಷ್ಟ ನಮಗೇ.

ಹುಟ್ಟು ಹಾಕುವುದು ಹೊಸತೇನಲ್ಲ

ದೋಣಿ ಕ್ರೀಡೆ ಎಂದ ಕೂಡಲೇ ದಾಂಡೇಲಿಯ ಕಾಳಿ ನದಿಯ ರಾಫ್ಟಿಂಗ್ ನೆನಪಾಗುತ್ತದೆ. ಬಂಡೆ, ನೊರೆ, ಕಿರುಚಾಟ. ನಾನು ಹೇಳುತ್ತಿರುವುದು ಅದನ್ನಲ್ಲ. ಹಿನ್ನೀರು, ಕೆರೆ, ನಿಧಾನವಾಗಿ ಹರಿಯುವ ನದಿಯಂತಹ ಶಾಂತ ನೀರಿನಲ್ಲಿ ಹುಟ್ಟು ಹಾಕುವುದನ್ನು. ಕಯಾಕ್‌ನಲ್ಲಿ ಕಾಲು ಮುಂದೆ ಚಾಚಿ ಕುಳಿತು ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಬಳಸುತ್ತೇವೆ. ಕನೂಗೆ ಒಂದೇ ಅಲಗಿನ ಹುಟ್ಟು. ನಮ್ಮ ಮೀನುಗಾರರು ಹಿಡಿಯುವುದೂ ಹೆಚ್ಚುಕಡಿಮೆ ಅಂಥದ್ದನ್ನೇ. ನಿಂತುಕೊಂಡೇ ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್ ಇನ್ನೊಂದು. ಎಲ್ಲದರಲ್ಲೂ ನಾವು ಹೋಗುವ ದಿಕ್ಕಿಗೇ ಮುಖ ಮಾಡಿರುತ್ತೇವೆ. ರೋಯಿಂಗ್‌ನಲ್ಲಿ ಮಾತ್ರ ಬೆನ್ನು ಮುಂದೆ.

ಈ ಊರಿಗೆ ಇದೇನೂ ಹೊಸ ವಿದ್ಯೆಯಲ್ಲ. ರಸ್ತೆಗಳು ಬರುವ ಮೊದಲು ಇಲ್ಲಿನ ಹೆದ್ದಾರಿ ಎಂದರೆ ನದಿಯೇ. ಯುದ್ಧನೌಕೆಗಳು ಗುರುಪುರ ನದಿಯೊಳಗೆ ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಬುರುಜೇ ಇಂದಿನ ಸುಲ್ತಾನ್ ಬತ್ತೇರಿ. 19ನೇ ಶತಮಾನದಲ್ಲಿ ಬಾಸೆಲ್ ಮಿಷನ್‌ನವರು ಶುರು ಮಾಡಿದ ಹಂಚಿನ ಉದ್ಯಮ ಈ ಎರಡು ನದಿಗಳ ದಡದಲ್ಲಿ ಬೆಳೆದದ್ದಕ್ಕೂ ಕಾರಣ ಇದೆ. ಆವೆಮಣ್ಣು ನದಿಯ ಬಯಲಲ್ಲಿ ಸಿಗುತ್ತಿತ್ತು, ಮಣ್ಣನ್ನೂ ಹಂಚನ್ನೂ ಸಾಗಿಸಲು ದೋಣಿ ಇತ್ತು. ಕರಾವಳಿಯಲ್ಲಿ ‘ಕಡವು’ ಎಂಬ ಪದ ಊರಿನ ಹೆಸರುಗಳಿಗೆ ಅಂಟಿಕೊಂಡಿರುವುದು ಸುಮ್ಮನೆ ಅಲ್ಲ. ಅದು ಜನ ದೋಣಿ ಹತ್ತಿ ನದಿ ದಾಟುತ್ತಿದ್ದ ಜಾಗ. ನಮ್ಮ ಅಜ್ಜ ಅಜ್ಜಿಯರಿಗೆ ದೋಣಿ ಎಂದರೆ ನಮಗೆ ಸಿಟಿ ಬಸ್ಸು ಇದ್ದ ಹಾಗೆ.

ಸೇತುವೆಗಳು ಬಂದದ್ದು ಒಳ್ಳೆಯದೇ ಆಯಿತು. ಮಳೆಗಾಲದಲ್ಲಿ ಜೀವ ಕೈಯಲ್ಲಿ ಹಿಡಿದು ಹೊಳೆ ದಾಟುವ ಕಷ್ಟ ಯಾರಿಗೂ ಬೇಡ. ಆದರೆ ಸೇತುವೆಯ ಜೊತೆಗೇ ಇನ್ನೊಂದೂ ಆಯಿತು. ನದಿಯನ್ನು ಮುಟ್ಟಬೇಕಾದ ಕಾರಣವೇ ನಮಗೆ ಇಲ್ಲವಾಯಿತು.

ನೀರಿನ ಮೇಲಿಂದ ಕಾಣುವ ಊರು

ಕಳೆದ ಡಿಸೆಂಬರ್‌ನಲ್ಲಿ ನಾವು ನಾಲ್ವರು ಸಹಪಾಠಿಗಳು ಗುರುಪುರ ನದಿಯ ಹಿನ್ನೀರಿನಲ್ಲಿ ಬಾಡಿಗೆಯ ಕಯಾಕ್ ಹತ್ತಿದೆವು. ದಡದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ, “ಮೇಲೆ ಹೋಗುವಾಗ ನಡುವಿಗೆ ಹೋಗ್ಬೇಡಿ ಮಾರಾಯ್ರೆ, ಕರೆ ಹಿಡ್ಕೊಂಡೇ ಹೋಗಿ. ಇಳಿತ ಜೋರಿದೆ” ಎಂದರು. ಕರೆ ಎಂದರೆ ದಡ. ದಡದ ಬದಿಯಲ್ಲಿ ಘರ್ಷಣೆಯಿಂದ ನೀರಿನ ವೇಗ ಕಡಿಮೆ, ನಡುವೆ ಹೆಚ್ಚು. ನಾವು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಹತ್ತು ಅಂಕದ ಪ್ರಶ್ನೆಗೆ ಗ್ರಾಫ್ ಬಿಡಿಸಿ ಉತ್ತರಿಸಿದ್ದನ್ನು ಆ ಹಿರಿಯರು ಒಂದೇ ವಾಕ್ಯದಲ್ಲಿ ಹೇಳಿದ್ದರು. ಅರ್ಧ ಗಂಟೆಯಲ್ಲಿ ನಮ್ಮ ತೋಳುಗಳಿಗೂ ಅದು ಅರ್ಥವಾಯಿತು.

ಸೇತುವೆಯ ಕಂಬದ ಹಿಂದೆ ನೀರು ಸುತ್ತಿಕೊಂಡು ಹಿಮ್ಮುಖವಾಗಿ ಹರಿಯುವುದು, ಉಬ್ಬರದ ಹೊತ್ತಿಗೆ ನದಿಯೇ ಬೆಟ್ಟದ ಕಡೆಗೆ ನಡೆಯುವಂತೆ ಕಾಣುವುದು, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ–ಇಳಿತ ಎರಡೂ ಜೋರಾಗುವುದು ಇವೆಲ್ಲ ಲ್ಯಾಬಿನ ಗಾಜಿನ ಕಾಲುವೆಯಲ್ಲಿ ಕಾಣುವುದಿಲ್ಲ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಎಂಬುದು ಮೀನುಗಾರರ ಮಕ್ಕಳಿಗೆ ಗಡಿಯಾರವಿದ್ದಂತೆ. ಬಂದರು, ಸೇತುವೆ, ಚರಂಡಿ ವಿನ್ಯಾಸ ಮಾಡಲು ಹೊರಟಿರುವ ನಮಗೆ ಅದು ಗೊತ್ತಿಲ್ಲದಿದ್ದರೆ ಹೇಗೆ?

ನೀರಿನ ಮೇಲಿಂದ ಊರಿನ ಹಿತ್ತಿಲೂ ಕಾಣುತ್ತದೆ. ರಸ್ತೆಯ ಕಡೆಗೆ ಬಣ್ಣ ಬಳಿದುಕೊಂಡ ಕಟ್ಟಡಗಳು ನದಿಯ ಕಡೆಗೆ ಪೈಪು ಚಾಚಿರುತ್ತವೆ. ಯಾವ ತೋಡಿನಲ್ಲಿ ಕಪ್ಪು ನೀರು ಬರುತ್ತಿದೆ, ಕಾಂಡ್ಲಾ ಗಿಡಗಳ ಬೇರಿಗೆ ಎಷ್ಟು ಪ್ಲಾಸ್ಟಿಕ್ ಸಿಕ್ಕಿಕೊಂಡಿದೆ ಎಂಬುದು ಎರಡು ಮೀಟರ್ ದೂರದಿಂದ ಗೊತ್ತಾಗುತ್ತದೆ. ಸೊಂಟದ ಮಟ್ಟದ ನೀರಲ್ಲಿ ನಿಂತು ಮರುವಾಯಿ ಹೆಕ್ಕುವವರು ಕಾಣುತ್ತಾರೆ. ಆ ಕೊಳಕು ನೀರು ಯಾರ ಮೈಗೆ ಹತ್ತುತ್ತದೆ ಎಂಬುದು ಆಗ ಯಾರೂ ಹೇಳಿಕೊಡಬೇಕಾಗಿಲ್ಲ.

ನೇತ್ರಾವತಿಯ ನಡುವೆ ಪಾವೂರು ಉಳಿಯ ಎಂಬ ಕುದ್ರು ಇದೆ. ಅಲ್ಲಿನ ಕುಟುಂಬಗಳು ದೋಣಿಯನ್ನೇ ನಂಬಿಕೊಂಡಿವೆ. ಬೇಸಿಗೆಯಲ್ಲಿ ತಾವೇ ಹಣ ಕೂಡಿಸಿ ತಾತ್ಕಾಲಿಕ ಕಾಲುಸೇತುವೆ ಕಟ್ಟಿಕೊಳ್ಳುತ್ತವೆ, ಮಳೆಗಾಲ ಬಂದರೆ ಅದನ್ನು ಬಿಚ್ಚುತ್ತವೆ. ಸುತ್ತಲಿನ ಮರಳುಗಾರಿಕೆಯಿಂದ ಕುದ್ರುವಿನ ಅಂಚು ಕುಸಿದು ನೀರುಪಾಲಾಗುತ್ತಿದೆ ಎಂದು ಅಲ್ಲಿನವರು ವರ್ಷಗಳಿಂದ ದೂರುತ್ತಿದ್ದಾರೆ. ಸೇತುವೆಯ ಮೇಲೆ ವೇಗವಾಗಿ ಹೋಗುವ ನಮಗೆ ಆ ದೂರು ಪತ್ರಿಕೆಯ ಒಂದು ಕಾಲಂ ಸುದ್ದಿ. ಅದೇ ನೀರಿನಲ್ಲಿ ಒಮ್ಮೆ ಹುಟ್ಟು ಹಾಕಿ, ಕುಸಿದ ದಡದಲ್ಲಿ ಬೇರು ಹೊರಗೆ ಚಾಚಿ ನಿಂತ ತೆಂಗಿನ ಮರ ನೋಡಿದವರಿಗೆ ಅದು ಬರೀ ಸುದ್ದಿಯಾಗಿ ಉಳಿಯುವುದಿಲ್ಲ. ದಿನವೂ ಹತ್ತಿರದಿಂದ ನೋಡುವ ಕಣ್ಣುಗಳಿದ್ದರೆ ನದಿಗೆ ಕಸ ಸುರಿಯುವವರಿಗೆ, ಕದ್ದು ಮರಳು ತೆಗೆಯುವವರಿಗೆ ಕೈ ನಡುಗುತ್ತದೆ. ನನ್ನ ವಾದದ ತಿರುಳು ಇದೇ.

ಗೇಟು ಇದೆ, ದಾರಿ ಇಲ್ಲ

2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪಟ್ಟಿಯಲ್ಲಿ 111 ಜಲಮಾರ್ಗಗಳಿವೆ. ಅದರಲ್ಲಿ ನಮ್ಮ ನೇತ್ರಾವತಿ, ಗುರುಪುರ ಎರಡೂ ಇವೆ ಎಂದರೆ ಎಷ್ಟು ಮಂದಿ ನಂಬುತ್ತಾರೋ ಗೊತ್ತಿಲ್ಲ. ಕಾಗದದ ಮೇಲೆ ಇವು ರಾಷ್ಟ್ರೀಯ ಹೆದ್ದಾರಿಯ ಹಾಗೆ ರಾಷ್ಟ್ರೀಯ ಜಲಮಾರ್ಗಗಳು. ವಾಸ್ತವದಲ್ಲಿ ಸ್ವಂತ ಕಯಾಕ್ ಇದ್ದರೂ ಅದನ್ನು ನೀರಿಗಿಳಿಸಲು ಯಾರದ್ದಾದರೂ ತೋಟದ ಗೇಟು ತಟ್ಟಬೇಕು, ಇಲ್ಲವೇ ಮೀನುಗಾರರ ದಕ್ಕೆಯಲ್ಲಿ ಅವರ ಕೆಲಸಕ್ಕೆ ಅಡ್ಡಿಯಾಗಿ ನಿಲ್ಲಬೇಕು.

ಎಂಜಿನಿಯರಿಂಗ್ ಓದುವವರು ಯೋಚಿಸಬೇಕಾದ ವಿಷಯ ಇನ್ನೊಂದಿದೆ. ಈ ನದಿಗಳಲ್ಲಿ ಕಿಂಡಿ ಅಣೆಕಟ್ಟುಗಳಿವೆ. ನಗರಕ್ಕೆ ಕುಡಿಯುವ ನೀರು ಕೊಡುವುದು ತುಂಬೆಯದ್ದು. ಅದಕ್ಕಿಂತ ಕೆಳಗೆ ಹರೇಕಳ–ಅಡ್ಯಾರ್ ನಡುವೆ ಕಟ್ಟಿದ ಅಣೆಕಟ್ಟು ಸಮುದ್ರದ ಉಪ್ಪುನೀರು ಮೇಲೇರದಂತೆ ತಡೆಯುತ್ತದೆ, ಅದರ ಮೇಲೆ ವಾಹನಗಳೂ ಓಡಾಡುತ್ತವೆ. ಒಳ್ಳೆಯ ಕೆಲಸ. ಅದಕ್ಕೆ ಮೊದಲು ಜನ ಅಲ್ಲಿ ದೋಣಿಯಲ್ಲೇ ದಾಟುತ್ತಿದ್ದರು. ನೀರಿಗೆ ಕಿಂಡಿ, ವಾಹನಕ್ಕೆ ಸೇತುವೆ ಎಲ್ಲವನ್ನೂ ಲೆಕ್ಕ ಹಾಕುವ ನಾವು, ದೋಣಿಗೆ ದಾರಿ ಎಲ್ಲಿ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳುವುದೇ ಇಲ್ಲ.

ಇದಕ್ಕೆ ಹಳೆಯ ಉತ್ತರವೊಂದಿದೆ, ಅದರ ಹೆಸರು ಲಾಕ್. ಎರಡು ಗೇಟುಗಳ ನಡುವೆ ಒಂದು ತೊಟ್ಟಿ. ಕೆಳಗಿನಿಂದ ದೋಣಿ ಒಳಗೆ ಬಂದ ಮೇಲೆ ಹಿಂದಿನ ಗೇಟು ಮುಚ್ಚುತ್ತಾರೆ. ಮೇಲಿನ ನೀರನ್ನು ವಾಲ್ವ್ ಮೂಲಕ ಒಳಗೆ ಬಿಟ್ಟಾಗ ನೀರಿನ ಜೊತೆಗೆ ದೋಣಿಯೂ ಏರುತ್ತದೆ. ಮಟ್ಟ ಸಮವಾದಾಗ ಮುಂದಿನ ಗೇಟು ತೆರೆಯುತ್ತದೆ. ಪಂಪು ಬೇಡ, ಗುರುತ್ವಾಕರ್ಷಣೆ ಸಾಕು. ಇಂಥ ಲಾಕ್‌ಗಳು ನಮ್ಮಲ್ಲೂ ಇವೆ. ಪಕ್ಕದ ಕೇರಳದಲ್ಲಿ ವೆಂಬನಾಡು ಹಿನ್ನೀರಿಗೆ ಉಪ್ಪುನೀರು ನುಗ್ಗದಂತೆ ಕಟ್ಟಿದ ತಣ್ಣೀರ್ಮುಕ್ಕಂ ಬಂಡ್‌ನಲ್ಲಿ ದೋಣಿಗಳಿಗಾಗಿ ಲಾಕ್ ಇದೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಕೆರೆಗಳನ್ನೂ ಸಮುದ್ರವನ್ನೂ ಜೋಡಿಸುವ ಕಾಲುವೆಯ ಬ್ಯಾಲಾರ್ಡ್ ಲಾಕ್ ನೂರು ವರ್ಷಕ್ಕಿಂತ ಹಳೆಯದು. ಅದೂ ಕೆರೆಗೆ ಉಪ್ಪುನೀರು ಸೇರದಂತೆ ಕಾಯುತ್ತದೆ. ದೊಡ್ಡ ಹಡಗು ಹೋಗುವ ಅದೇ ಜಾಗದಲ್ಲಿ ಕಯಾಕ್ ಹಾಕಿಕೊಂಡು ಬಂದವರೂ ಸಾಲಿನಲ್ಲಿ ನಿಂತು ದಾಟಬಹುದು, ಶುಲ್ಕವಿಲ್ಲ.

ನಮ್ಮ ಪ್ರತಿ ಅಣೆಕಟ್ಟಿಗೂ ಲಾಕ್ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಅದಕ್ಕೆ ಖರ್ಚು ದೊಡ್ಡದು. ಕಯಾಕ್‌ಗೆ ಅಷ್ಟೆಲ್ಲ ಬೇಕಾಗಿಯೂ ಇಲ್ಲ. ಇಬ್ಬರು ಸೇರಿದರೆ ಹೊತ್ತುಕೊಂಡು ಹೋಗಬಹುದಾದ ದೋಣಿ ಅದು. ಅಣೆಕಟ್ಟಿನಿಂದ ಸುರಕ್ಷಿತ ದೂರದಲ್ಲಿ, ಮೇಲೊಂದು ಕೆಳಗೊಂದು ಇಳಿಜಾರು ದಾರಿ, ನಡುವೆ ಕಾಲುಹಾದಿ, ‘ಮುಂದೆ ಗೇಟುಗಳಿವೆ, ಇಲ್ಲಿಯೇ ದಡ ಸೇರಿ’ ಎಂಬ ದೊಡ್ಡ ಫಲಕ. ಒಟ್ಟು ಯೋಜನೆಯ ಲೆಕ್ಕದಲ್ಲಿ ಇದು ಸಾಸಿವೆಯಷ್ಟು.

‘ಮುಳುಗಿದರೆ ಯಾರು ಹೊಣೆ?’

ಇದು ಎಲ್ಲರೂ ಕೇಳುವ ಪ್ರಶ್ನೆ, ಕೇಳಬೇಕಾದ ಪ್ರಶ್ನೆಯೂ ಹೌದು. ದೇಶದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಮಂದಿ ನೀರಿನಲ್ಲಿ ಮುಳುಗಿ ಸಾಯುತ್ತಿದ್ದಾರೆ ಎನ್ನುತ್ತವೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಇತ್ತೀಚಿನ ವರ್ಷಗಳ ವರದಿಗಳು. ರಜೆಯಲ್ಲಿ ಹೊಳೆಗೆ ಸ್ನಾನಕ್ಕಿಳಿದ ವಿದ್ಯಾರ್ಥಿಗಳ ಸುದ್ದಿಯಿಲ್ಲದ ಬೇಸಿಗೆ ನಮ್ಮ ಜಿಲ್ಲೆಯಲ್ಲಿ ಇಲ್ಲ. ಹಾಗಾಗಿ ಕಾಲೇಜುಗಳು ನೀರಿಗಿಳಿಯುವುದನ್ನು ನಿಷೇಧಿಸಿ ಸುತ್ತೋಲೆ ಹೊರಡಿಸುತ್ತವೆ. ಅಪ್ಪ ಅಮ್ಮ ಹಾಸ್ಟೆಲ್‌ಗೆ ಬಿಡುವಾಗಲೇ ‘ಹೊಳೆ, ಕಡಲು ಅಂತ ಹೋಗ್ಬೇಡ’ ಎಂದು ಹೇಳಿ ಹೋಗುತ್ತಾರೆ. ಅವರ ಭಯಕ್ಕೆ ಅರ್ಥವಿದೆ.

ಆದರೆ ಒಂದು ಮಾತು ಗಮನಿಸಿ. ಆ ಹುಡುಗರು ಮುಳುಗಿದ್ದು ಕಯಾಕ್‌ನಿಂದ ಬಿದ್ದಲ್ಲ. ಈಜು ಬಾರದೆ, ಲೈಫ್ ಜಾಕೆಟ್ ಇಲ್ಲದೆ, ಗುಂಡಿ ಎಲ್ಲಿದೆ ಎಂದು ತಿಳಿಯದೆ, ಹೇಳಿಕೊಡುವವರು ಯಾರೂ ಇಲ್ಲದೆ ಇಳಿದು. ಸುತ್ತೋಲೆಯಿಂದ ನೀರಿನ ಆಸೆ ನಿಲ್ಲುವುದಿಲ್ಲ, ಕದ್ದು ಹೋಗುವುದು ಹೆಚ್ಚುತ್ತದೆ ಅಷ್ಟೇ. ಶಿಸ್ತಿನಿಂದ ಕಲಿಸುವ ಒಂದು ಕ್ಲಬ್ ಮೊದಲು ಕಲಿಸುವುದೇ ದೋಣಿ ಮಗುಚಿದರೆ ಏನು ಮಾಡಬೇಕು ಎಂಬುದನ್ನು. ಜಾಕೆಟ್ ಕಟ್ಟಿಕೊಳ್ಳದೆ ದೋಣಿ ಮುಟ್ಟುವಂತಿಲ್ಲ. ಒಬ್ಬರೇ ಹೋಗುವಂತಿಲ್ಲ. ಜೂನ್‌ನಿಂದ ಮಳೆ ತಗ್ಗುವ ತನಕ ನದಿಗೆ ರಜೆ. ಅಳಿವೆ ಬಾಗಿಲಿನ ಕಡೆಗೆ ಎಂದಿಗೂ ಇಲ್ಲ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುವುದರಿಂದ ಬೆಳಗ್ಗೆಯೇ ಮುಗಿಸಬೇಕು. ಮೈಯಲ್ಲಿ ಗಾಯವಿದ್ದರೆ ಇಳಿಯಬಾರದು, ಇಲಿಜ್ವರದ ಭಯವಿದೆ. ಇಷ್ಟು ಕಲಿತ ಹುಡುಗ ಅಥವಾ ಹುಡುಗಿ ಮುಂದೆ ಯಾವ ಹೊಳೆಯ ದಡದಲ್ಲಿ ನಿಂತರೂ ಗೆಳೆಯರನ್ನು ತಡೆಯುವ ಧೈರ್ಯ ಪಡೆದಿರುತ್ತಾರೆ.

ಇದು ಶ್ರೀಮಂತರ ಆಟ ಎಂಬುದು ಇನ್ನೊಂದು ಮಾತು. ಒಂದು ಸಾಧಾರಣ ಪ್ಲಾಸ್ಟಿಕ್ ಕಯಾಕ್ ಸೆಕೆಂಡ್ ಹ್ಯಾಂಡ್ ಬೈಕಿನ ಬೆಲೆಗೆ ಸಿಗುತ್ತದೆ. ಒಬ್ಬ ವಿದ್ಯಾರ್ಥಿಗೆ ಅದು ದುಬಾರಿಯೇ, ಕಾಲೇಜಿಗಲ್ಲ. ನಾಲ್ಕು ದೋಣಿಯಿದ್ದರೆ ನೂರು ಮಂದಿ ಸರದಿಯಲ್ಲಿ ಕಲಿಯಬಹುದು. ಪೆಟ್ರೋಲ್ ಖರ್ಚಿಲ್ಲ, ಟರ್ಫ್ ಬಾಡಿಗೆಯಿಲ್ಲ.

ಮೀನುಗಾರರ ವಿಷಯ ಮಾತ್ರ ನಿಜಕ್ಕೂ ಸೂಕ್ಷ್ಮ. ನದಿ ಅವರ ದುಡಿಮೆಯ ಜಾಗ. ಬಲೆ ಬಿಟ್ಟಲ್ಲಿ ನಾವು ಸೆಲ್ಫಿಗಾಗಿ ಸುತ್ತಾಡಿದರೆ ಅವರು ಬೈದರೆ ತಪ್ಪಿಲ್ಲ. ಅದಕ್ಕೇ ಯಾವ ಹೊತ್ತಿಗೆ ಎಲ್ಲಿ ಹೋಗಬಹುದು ಎಂಬುದನ್ನು ಅವರೇ ಹೇಳಬೇಕು, ಕಲಿಸುವವರಲ್ಲಿ ಅವರ ಮಕ್ಕಳೇ ಮೊದಲಿಗರಾಗಬೇಕು. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಸೀತಾ ನದಿಯ ಹಿನ್ನೀರಿನಲ್ಲಿ ಸ್ಥಳೀಯ ಯುವಕರು ಕಾಂಡ್ಲಾ ಕಾಡಿನ ನಡುವೆ ಕಯಾಕಿಂಗ್ ನಡೆಸಿ ದಾರಿ ತೋರಿಸಿದ್ದಾರೆ. ಹೊನ್ನಾವರದ ಶರಾವತಿ ಹಿನ್ನೀರಿನಲ್ಲೂ ಇದು ನಡೆದಿದೆ. ಊರು ಬಿಟ್ಟು ಬೆಂಗಳೂರಿನ ಪಿ.ಜಿ. ಸೇರುವುದೊಂದೇ ದಾರಿಯಲ್ಲ ಎಂದು ಕೆಲಸ ಹುಡುಕುವ ನಮಗೆ ಅದು ಹೇಳುತ್ತದೆ.

ಕಡಲಿಲ್ಲದ ರಾಜ್ಯ ಕಲಿಸಿದ ಪಾಠ

ಕೆಲಸದ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ಕಯಾಕಿಂಗ್–ಕನೂಯಿಂಗ್ 1936ರ ಬರ್ಲಿನ್ ಕೂಟದಿಂದ ಒಲಿಂಪಿಕ್ ಪದಕದ ಕ್ರೀಡೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಗೆ ಪರಿಗಣಿಸುವ ಕ್ರೀಡೆಗಳ ಪಟ್ಟಿಯಲ್ಲೂ ಇದಿದೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಜೋಡಿ 1000 ಮೀಟರ್ ಕನೂ ಡಬಲ್ಸ್‌ನಲ್ಲಿ ಕಂಚು ಗೆದ್ದಿತು. 1994ರ ನಂತರ ಈ ಕ್ರೀಡೆಯಲ್ಲಿ ಭಾರತಕ್ಕೆ ಬಂದ ಮೊದಲ ಏಷ್ಯನ್ ಕೂಟದ ಪದಕ ಅದು. ಸುನಿಲ್ ಬಂದದ್ದು ಮಣಿಪುರದ ಲೋಕ್ತಾಕ್ ಸರೋವರದ ಕಡೆಯಿಂದ.

ನನಗೆ ಇನ್ನೂ ಹೆಚ್ಚು ಆಶ್ಚರ್ಯ ತಂದದ್ದು ಭೋಪಾಲ್. ಸಮುದ್ರವೇ ಇಲ್ಲದ ಮಧ್ಯಪ್ರದೇಶ ತನ್ನ ರಾಜಧಾನಿಯ ಕೆರೆಯಲ್ಲಿ ಜಲಕ್ರೀಡಾ ಅಕಾಡೆಮಿ ನಡೆಸುತ್ತದೆ. ಗ್ವಾಲಿಯರ್‌ನ ಪ್ರಾಚಿ ಯಾದವ್ ಭೋಪಾಲ್‌ನಲ್ಲೇ ಅಭ್ಯಾಸ ಮಾಡಿ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಪ್ಯಾರಾ ಕನೂ ಫೈನಲ್ ತಲುಪಿದ ಮೊದಲ ಭಾರತೀಯೆ ಎನಿಸಿದರು, 2023ರ ಏಷ್ಯನ್ ಪ್ಯಾರಾ ಕೂಟದಲ್ಲಿ ಚಿನ್ನ ಗೆದ್ದರು. ಕಾಲಿನ ಬಲ ಕಡಿಮೆ ಇರುವವರಿಗೂ ದೋಣಿಯಲ್ಲಿ ಸಮನಾದ ಜಾಗವಿದೆ ಎಂಬುದನ್ನು ನಾವು ಯೋಚಿಸಿಯೇ ಇರಲಿಲ್ಲ. ಆ ದೊಡ್ಡ ಕೆರೆ ಭೋಪಾಲ್‌ಗೆ ಕುಡಿಯುವ ನೀರನ್ನೂ ಕೊಡುತ್ತದೆ. ಅಲ್ಲಿ ಮೋಟಾರು ದೋಣಿಗಳನ್ನು ನಿಲ್ಲಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2023ರಲ್ಲಿ ಆದೇಶಿಸಿತು. ಹುಟ್ಟು ಹಾಕುವ ದೋಣಿ ನೀರಿಗೆ ಒಂದು ಹನಿ ಡೀಸೆಲನ್ನೂ ಬಿಡುವುದಿಲ್ಲ.

ನಮ್ಮಲ್ಲಿ ಕೆರೆ ಉಳಿಸುವುದು ಎಂದರೆ ಸುತ್ತ ಬೇಲಿ, ವಾಕಿಂಗ್ ಟ್ರ್ಯಾಕ್, ಗೇಟಿಗೊಂದು ಬೀಗ. ನದಿತೀರ ಅಭಿವೃದ್ಧಿ ಎಂದರೆ ಟೈಲ್ಸ್ ಹಾಕಿದ ದಾರಿ, ಕೂರಲು ಬೆಂಚು. ನೋಡಲು ಚೆಂದ, ಆದರೆ ನೀರು ಕಂಬಿಯ ಆಚೆಗೇ ಉಳಿಯುತ್ತದೆ. ಈಗ ಮಂಗಳೂರಿನ ಎರಡೂ ನದಿಗಳನ್ನು ಜೋಡಿಸುವ ವಾಟರ್ ಮೆಟ್ರೊ ಪ್ರಸ್ತಾವ ಸರ್ಕಾರದ ಮುಂದಿದೆ. ಕೊಚ್ಚಿಯಲ್ಲಿ ಅದು 2023ರಲ್ಲೇ ಶುರುವಾಗಿದೆ. ಇಲ್ಲಿ ಜೆಟ್ಟಿಗಳ ನಕ್ಷೆ ಬಿಡಿಸುವಾಗಲೇ ಪ್ರತಿ ಜೆಟ್ಟಿಯ ಪಕ್ಕದಲ್ಲಿ ನೀರಿನ ಮಟ್ಟಕ್ಕೆ ಇಳಿಯುವ ಹತ್ತು ಮೆಟ್ಟಿಲು, ಒಂದು ತಗ್ಗಿನ ಕಟ್ಟೆ ಸೇರಿಸಲಿ. ನಂತರ ಒಡೆದು ಕಟ್ಟುವುದಕ್ಕಿಂತ ಈಗ ಕೇಳುವುದು ಸುಲಭ.

ಇದನ್ನು ಕೇಳಬೇಕಾದವರು ನಾವೇ. ಪ್ರಾಜೆಕ್ಟ್ ವಿಷಯಕ್ಕಾಗಿ ಇಂಟರ್‌ನೆಟ್ ಜಾಲಾಡುವ ಸಿವಿಲ್, ಮೆಕ್ಯಾನಿಕಲ್ ಗೆಳೆಯರು ಒಂದು ತೇಲುವ ಕಟ್ಟೆಯನ್ನು, ಉಬ್ಬರ–ಇಳಿತಕ್ಕೆ ಏರಿಳಿಯುವ ಇಳಿದಾರಿಯನ್ನು ವಿನ್ಯಾಸ ಮಾಡಬಹುದು. ನೀರಿನ ಮಾದರಿ ತೆಗೆದು ತಿಂಗಳಿಗೊಮ್ಮೆ ಪರೀಕ್ಷಿಸುವ ಕೆಲಸ ಎನ್ನೆಸ್ಸೆಸ್ ಘಟಕಕ್ಕೆ ಹೇಳಿ ಮಾಡಿಸಿದಂತಿದೆ. ಕ್ರೀಡಾ ವಿಭಾಗದವರಲ್ಲಿ ಈಜು ತರಬೇತಿ ಮತ್ತು ಎರಡು ಕಯಾಕ್‌ಗಾಗಿ ನೂರು ಸಹಿಯ ಅರ್ಜಿ ಕೊಟ್ಟರೆ ಮೊದಲ ಸಲ ನಗಬಹುದು, ಮೂರನೇ ಸಲ ಓದುತ್ತಾರೆ. ಮಳೆ ನಿಂತು ನದಿ ತಿಳಿಯಾಗಲು ಅಕ್ಟೋಬರ್ ದಾಟಬೇಕು. ಈಜು ಕಲಿಯಲು, ಅರ್ಜಿ ಬರೆಯಲು ಅಷ್ಟು ಸಮಯ ಧಾರಾಳ ಸಾಕು.